ಅಂಚೆಚೀಲ ಹೊತ್ತ ಗಾಯಕ

ಮಾನ್ಯ ಸಂಪಾದಕರೇ,

ಕಲಾವಿದರ ಸಮಾಜಸೇವೆಯ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಹಾಯಾರ್ಥ ಸಂಗೀತ ಕಾರ್ಯಕ್ರಮಗಳು, ಅವುಗಳಿಂದ ಕೂಡಿದ ಹಣ, ನೆರೆದ ಜನಸ್ತೋಮ, ಹೀಗೆ ಲೇಖನದ ತುಂಬ ವೇದಿಕೆಯ ಲೆಕ್ಕವೇ ಇತ್ತು. ವೇದಿಕೆಯನ್ನೇ ತೊರೆದು ದೂರದ ಜನರ ನಡುವೆ ಕೈಯಾರೆ ದುಡಿದವರಿಗೆ ಅದರಲ್ಲಿ ಜಾಗವಿರಲಿಲ್ಲ. ಅಂಥವರಲ್ಲಿ ಒಬ್ಬರಾದ ಬೆಲ್ಜಿಯಂನ ಜಾಕ್ ಬ್ರೆಲ್ ಅವರನ್ನು ಓದುಗರ ಗಮನಕ್ಕೆ ತರಬೇಕೆನಿಸಿತು.

1929ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಬ್ರೆಲ್, ಮನೆತನದ ರಟ್ಟಿನ ಕಾರ್ಖಾನೆಯ ಕೆಲಸ ಬಿಟ್ಟು 1953ರಲ್ಲಿ ಪ್ಯಾರಿಸ್ ಸೇರಿದರು. ತಾವೇ ಬರೆದು, ರಾಗ ಹಾಕಿ ಹಾಡಿದ ಗೀತೆಗಳಿಂದ ಫ್ರೆಂಚ್ ಬಲ್ಲ ಜಗತ್ತಿನಲ್ಲೆಲ್ಲ ಹೆಸರಾದರು. ಖ್ಯಾತಿ ಉತ್ತುಂಗದಲ್ಲಿದ್ದಾಗಲೇ, 1967ರ ಮೇ ತಿಂಗಳಲ್ಲಿ, ಫ್ರಾನ್ಸಿನ ರೂಬೆ ಪಟ್ಟಣದಲ್ಲಿ ಕೊನೆಯ ಕಛೇರಿ ನೀಡಿದರು. ಆಗ ಅವರಿಗೆ 38 ವರ್ಷ. ಕೆಲಕಾಲ ರಂಗಭೂಮಿ, ಸಿನಿಮಾಗಳಲ್ಲಿ ತೊಡಗಿದ್ದು, 1974ರಲ್ಲಿ ಹಾಯಿದೋಣಿ ಏರಿ ಸಮುದ್ರಯಾನಕ್ಕೆ ಹೊರಟರು. ಅದೇ ವರ್ಷ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿ ಶಸ್ತ್ರಚಿಕಿತ್ಸೆಯಾಯಿತು. ಆದರೂ ಯಾನ ನಿಲ್ಲಿಸದೆ ಅಟ್ಲಾಂಟಿಕ್ ಸಾಗರವನ್ನು ದಾಟಿ, 1975ರ ನವೆಂಬರಿನಲ್ಲಿ ಪೆಸಿಫಿಕ್ ಸಾಗರದ ನಡುವಿನ ಮಾರ್ಕೆಸಸ್ ದ್ವೀಪಸಮೂಹದ ಹಿವಾ ಓವಾ ದ್ವೀಪ ತಲುಪಿದರು.

ಇಲ್ಲಿಂದ ಮುಂದಿನದೇ ನನಗೆ ಮುಖ್ಯವೆನಿಸುವ ಭಾಗ. ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದ ಈ ದ್ವೀಪಗಳಿಂದ ದೊಡ್ಡ ಆಸ್ಪತ್ರೆಯಿದ್ದ ತಾಹಿತಿಗೆ ಸುಮಾರು 1400 ಕಿಲೋಮೀಟರ್ ದೂರ, ನಡುವೆ ಬರೀ ಕಡಲು. ಬ್ರೆಲ್ 1960ರ ದಶಕದಲ್ಲೇ ವಿಮಾನ ಹಾರಿಸುವುದನ್ನು ಕಲಿತಿದ್ದರು. 1976ರಲ್ಲಿ ಎರಡು ಎಂಜಿನ್‌ಗಳ ಪುಟ್ಟ ವಿಮಾನವೊಂದನ್ನು ಕೊಂಡು, ತೀರಿಹೋದ ಗೆಳೆಯನ ಅಡ್ಡಹೆಸರಾದ 'ಜೋಜೋ' ಎಂಬುದನ್ನೇ ಅದಕ್ಕೆ ಇಟ್ಟರು. ಆ ವಿಮಾನದಲ್ಲಿ ದ್ವೀಪದಿಂದ ದ್ವೀಪಕ್ಕೆ ಅಂಚೆ ಸಾಗಿಸಿದರು, ತಾಹಿತಿಯಿಂದ ಔಷಧಿ ತಂದರು, ರೋಗಿಗಳನ್ನೂ ಬಸುರಿಯರನ್ನೂ ಕರೆದೊಯ್ದರು. ಊರಿನವರಿಗೆ ಬಯಲಿನಲ್ಲಿ ಸಿನಿಮಾ ತೋರಿಸುವ ಏರ್ಪಾಡನ್ನೂ ಮಾಡಿದರು. ಇದಾವುದೂ ಬಾಡಿಗೆಯ ಆಸೆಗೆ ಮಾಡಿದ್ದಲ್ಲ.

ಮಲೆನಾಡಿನ ಶಾಖಾ ಅಂಚೆ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟಪಾಲು ಹಂಚಿದ ನನಗೆ ಈ ಕೆಲಸದ ಬೆಲೆ ಗೊತ್ತು. ಆಷಾಢದ ಮಳೆಗೆ ಸಂಕ ಕೊಚ್ಚಿಹೋದಾಗ ಹಳ್ಳದಾಚೆಯ ಮನೆಗಳಿಗೆ ವಾರಗಟ್ಟಲೆ ಟಪಾಲು ತಲುಪುತ್ತಿರಲಿಲ್ಲ. ನೀರಿಳಿದ ಮೇಲೆ ಚೀಲ ಹೊತ್ತು ಹೋದರೆ, ಮಗನ ಮನಿಯಾರ್ಡರಿಗೆ ಕಾದ ಮುದುಕಿಯರು ಜಗಲಿಯಲ್ಲೇ ಕುಳಿತಿರುತ್ತಿದ್ದರು. ಹಿವಾ ಓವಾದಲ್ಲಿ ಆ ವಿಮಾನದ ಸದ್ದು ಕೇಳಿ ತಲೆಯೆತ್ತಿ ನೋಡಿದವರನ್ನು ನಾನು ಕಲ್ಪಿಸಿಕೊಳ್ಳಬಲ್ಲೆ.

ಇಂಥ ಪ್ರತಿಭಾವಂತ ಹಾಡದೆ ಹೋದದ್ದು ನಷ್ಟ ಎನ್ನುವವರಿದ್ದಾರೆ. ಕೇಳುಗರಾಗಿ ಅವರ ಸಂಕಟ ನಿಜವಾದದ್ದೇ. ಆದರೆ ಆ ವರ್ಷಗಳನ್ನು ಮೌನವೆಂದೋ ವಿಶ್ರಾಂತಿಯೆಂದೋ ಕರೆಯುವುದನ್ನು ನಾನು ಒಪ್ಪಲಾರೆ. ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಕಡಲಿನ ಮೇಲೆ ಗಂಟೆಗಟ್ಟಲೆ ವಿಮಾನ ನಡೆಸುವವನು ವಿಶ್ರಾಂತಿಯಲ್ಲಿ ಇರುವುದಿಲ್ಲ. ಹಾಡಿನ ನಂಟೂ ಪೂರ್ತಿ ಕಡಿದಿರಲಿಲ್ಲ. ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡಿದ್ದ ಅವರು 1977ರಲ್ಲಿ ಪ್ಯಾರಿಸ್‌ಗೆ ಬಂದು ಕೊನೆಯ ಆಲ್ಬಂ ಧ್ವನಿಮುದ್ರಿಸಿ ಮತ್ತೆ ದ್ವೀಪಕ್ಕೆ ಮರಳಿದರು.

ಬ್ರೆಲ್ ಅವರನ್ನು ಸಂತರೆಂದು ಸಾರುವ ಉದ್ದೇಶ ನನಗಿಲ್ಲ. ಹೆಂಡತಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಬೆಲ್ಜಿಯಂನಲ್ಲಿ ಬಿಟ್ಟು ಬಂದವರು ಅವರು. ಸೇವೆಯ ಸಂಕಲ್ಪ ಮಾಡಿ ಆ ದ್ವೀಪಕ್ಕೆ ಹೋದವರೂ ಅಲ್ಲ. ನೆಲೆಸಿದ ಮೇಲೆ ನೆರೆಹೊರೆಯ ಕಷ್ಟ ಕಂಡಿತು, ಕಲಿತ ವಿದ್ಯೆ ಕೈಯಲ್ಲಿತ್ತು, ಬಳಸಿದರು. ಈ ಸಹಜತೆಯೇ ನನ್ನ ಗೌರವವನ್ನು ಹೆಚ್ಚಿಸಿದೆ.

1978ರ ಅಕ್ಟೋಬರ್ 9ರಂದು, 49ನೇ ವಯಸ್ಸಿನಲ್ಲಿ, ಅವರು ಪ್ಯಾರಿಸ್ ಬಳಿಯ ಆಸ್ಪತ್ರೆಯಲ್ಲಿ ನಿಧನರಾದರು. ದೇಹವನ್ನು ಹಿವಾ ಓವಾದ ಅತುಓನಾಕ್ಕೆ ಒಯ್ದು, ಚಿತ್ರಕಾರ ಪಾಲ್ ಗೋಗ್ಯಾಂ ಅವರ ಸಮಾಧಿಯ ಸಮೀಪದಲ್ಲೇ ಮಣ್ಣು ಮಾಡಲಾಯಿತು. ದುರಸ್ತಿಗೊಂಡ 'ಜೋಜೋ' ಇಂದು ಅದೇ ಊರಿನಲ್ಲಿ, ಅವರ ಹೆಸರಿನ ಸಂಗ್ರಹಾಲಯದಲ್ಲಿದೆ. ತಮ್ಮ ಪುರವಣಿಯಲ್ಲಿ ಈ ವಿಷಯದ ಬಗ್ಗೆ ಮುಂದೆ ಬರೆಸುವಾಗ ಆ ವಿಮಾನದ ಒಂದು ಚಿತ್ರವನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಅಂಚೆ ನೌಕರ,
ತೀರ್ಥಹಳ್ಳಿ ತಾಲ್ಲೂಕು