ವಾಟಲ್ ಗಿಡಕ್ಕೆ ವಿಷ ಹಾಕಿದವರನ್ನು ಹಿಡಿಯುವವರಿಲ್ಲವೇ?

ಸಂಪಾದಕರೇ,

ಆಸ್ಟ್ರೇಲಿಯಾದ ನಮ್ಮೂರ ಕಡಲತೀರದಲ್ಲಿ, ಸರ್ಫ್ ಕ್ಲಬ್ ಹಿಂದಿನ ಮರಳ ದಿಬ್ಬದಲ್ಲಿ ಕೋಸ್ಟ್ ವಾಟಲ್ ಎಂಬ ಅಕೇಶಿಯಾ ಬಳಗದ ಗಿಡಗಳಿಗೆ ಯಾರೋ ವಿಷ ಹಾಕಿದ ಸುದ್ದಿಯನ್ನು ನೀವು ಮೂಲೆಯಲ್ಲಿ ನಾಲ್ಕೇ ಸಾಲಿಗೆ ಮುಗಿಸಿದ್ದೀರಿ. ನಿನ್ನೆ ಹೋಗಿ ನೋಡಿದೆ, ಹೊಟ್ಟೆ ಉರಿಯಿತು. ಬುಡದಲ್ಲೆಲ್ಲ ಡ್ರಿಲ್ಲಿನಿಂದ ಕೊರೆದ ತೂತುಗಳು. ಎಲೆ ಕಂದು ತಿರುಗಿ ಮುಟ್ಟಿದರೆ ಉದುರುತ್ತಿದೆ. ಇನ್ನೇನು ಹಳದಿ ಹೂ ಬಿಡುವ ಹೊತ್ತು. ಯಾರದೋ ಬಾಲ್ಕನಿಗೆ ಸಮುದ್ರ ಕಾಣಬೇಕಿತ್ತಂತೆ!

ಗಿಡ ಒಣಗಿದ ಮೇಲೆ ದಕ್ಷಿಣದ ಗಾಳಿ ಬೀಸಿದ್ದೇ ತಡ, ನಡೆಯುವ ದಾರಿ ಮರಳಲ್ಲಿ ಮುಚ್ಚಿಹೋಯಿತು. ನಮ್ಮತ್ತೆಯ ವೀಲ್‌ಚೇರ್ ಅದರಲ್ಲಿ ಹೂತು, ದಾರಿಹೋಕರು ಎತ್ತಿ ದಾಟಿಸಬೇಕಾಯಿತು. ಒಣಹಾಕಿದ ಬಟ್ಟೆಯಲ್ಲಿ ಮರಳು, ಕಿಟಕಿ ಸಂದಿಯಲ್ಲಿ ಮರಳು, ಅನ್ನದಲ್ಲೂ ಕರಕರ. ಇಲ್ಲಿನ ಪುರಸಭೆಯಾದ ಕೌನ್ಸಿಲ್‌ಗೆ ಫೋನ್ ಮಾಡಿದರೆ ಬರೀ ಸಂಗೀತ ಕೇಳಿಸುತ್ತಾರೆ.

ಈ ಗಿಡ ಇಲ್ಲಿಯದೇ. ಆಸ್ಟ್ರೇಲಿಯಾದ ಆಗ್ನೇಯ ಕರಾವಳಿ ಮತ್ತು ಟ್ಯಾಸ್ಮೇನಿಯಾ ಇದರ ತವರು. ನೀರಿನ ಕಡೆಗೆ ಸ್ಪಿನಿಫೆಕ್ಸ್ ಹುಲ್ಲು, ಅದರ ಹಿಂದೆ ಇದು, ಇದರ ಮರೆಯಲ್ಲಿ ಬ್ಯಾಂಕ್ಸಿಯಾ ಮರ. ಉಪ್ಪುಗಾಳಿಯಲ್ಲಿ ಕೊಂಬೆಗಳನ್ನು ಮರಳ ಮೇಲೇ ಹಾಸಿ, ಹಾಸಿದಲ್ಲೇ ಬೇರು ಬಿಟ್ಟು ದಿಬ್ಬವನ್ನು ಹಿಡಿದಿಡುತ್ತದೆ. ಬೇರಿನ ಗಂಟುಗಳಿಂದ ಬರೀ ಮರಳಿಗೂ ಸಾರಜನಕ ಸಿಗುತ್ತದೆ. ತವರು ಬಿಟ್ಟರೆ ಇದರ ಬಳಗ ಕಾಟ ಕೊಡುತ್ತದೆ, ನಿಜ. ದಕ್ಷಿಣ ಆಫ್ರಿಕಾದಲ್ಲಿ ಈ ಜಾತಿ ಕಳೆಯಾಗಿ ಹಬ್ಬಿದೆ. ನಮ್ಮ ಉತ್ತರ ಕನ್ನಡದ ಗುಡ್ಡಗಳಲ್ಲಿ ಅರಣ್ಯ ಇಲಾಖೆ ತುಂಬಿಸಿದ ಅಕೇಶಿಯಾ ನೋಡಿಯೇ ನಾನು ಬೆಳೆದದ್ದು, ಅದೂ ಆಸ್ಟ್ರೇಲಿಯಾ ಕಡೆಯದೇ. ಅದರ ಬುಡದಲ್ಲಿ ದನಕ್ಕೆ ಹಿಡಿ ಹುಲ್ಲೂ ಸಿಗುತ್ತಿರಲಿಲ್ಲ. ಹಾಗಂತ ಈ ವಾಟಲ್ಲನ್ನು ಅದರದೇ ಊರಲ್ಲಿ, ಅದು ಇರಲೇಬೇಕಾದ ಜಾಗದಲ್ಲಿ ಕೊಲ್ಲುವುದಾ?

ಇಲ್ಲಿನ ಸರ್ಕಾರಿ ಜನರ ಬುದ್ಧಿಯಂತೂ ಹೊಸದಲ್ಲ. 1946ರಿಂದ 1968ರವರೆಗೆ ನ್ಯೂ ಸೌತ್ ವೇಲ್ಸ್‌ನ ಮಣ್ಣು ಸಂರಕ್ಷಣೆಯವರೇ ದಿಬ್ಬ ಉಳಿಸುತ್ತೇವೆಂದು ಆಫ್ರಿಕಾದ ಬಿಟು ಬುಷ್ ಎಂಬ ಪೊದೆ ನೆಟ್ಟರು. ಅದು ಈ ವಾಟಲ್ಲನ್ನೇ ಒತ್ತರಿಸಿತು. ಇವತ್ತಿಗೂ ರಜೆಯ ದಿನ ಬಂದು ಅದನ್ನು ಕೀಳುತ್ತಿರುವವರು ಸ್ವಯಂಸೇವಕರು, ಸಂಬಳ ತೆಗೆದುಕೊಳ್ಳುವವರಲ್ಲ. ನಮ್ಮ ಬೀದಿಯ ಮಳೆನೀರಿನ ಪೈಪ್ ಒಡೆದು ಕಳೆದ ವರ್ಷದಿಂದ ಹಾಗೇ ಇದೆ. ಕಸದ ಡಬ್ಬಿ ತುಂಬಿ ಚೆಲ್ಲುತ್ತಿದೆ. ಪಾರ್ಕಿಂಗ್ ದಂಡ ಹಾಕಲು ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ಆ ತೂತು ಕೊರೆದವರನ್ನು ಹಿಡಿದು ದಂಡ ಹಾಕಲಿ, ಅದೇ ಜಾಗದಲ್ಲಿ ಅದೇ ಗಿಡ ನೆಡಲಿ. ದಾರಿಯ ಮರಳು ತೆಗೆಸಲಿ, ಪೈಪನ್ನೂ ಸರಿಮಾಡಲಿ. ಇದ್ಯಾವುದೂ ಆಗದಿದ್ದರೆ ಮನೆ ತೆರಿಗೆ ಯಾವ ಮುಖ ಇಟ್ಟುಕೊಂಡು ಕೇಳುತ್ತಾರೆ?

– ನೊಂದ ಓದುಗ, ನ್ಯೂ ಸೌತ್ ವೇಲ್ಸ್