ದೆವ್ವದ ಮನೆಗೂ ಬಾಡಿಗೆ ಇರುತ್ತದೆ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಮಾತುಕತೆ ಇನ್ನೂ ಚೆನ್ನಾಗಿದೆ. ಆದರೆ ನನಗೆ ಹೆದರಿಕೆ ಆಗಲಿಲ್ಲ. ಪಾಳು ಬಂಗಲೆ, ಅಮಾವಾಸ್ಯೆ, ಊಳಿಡುವ ನಾಯಿ ಎಲ್ಲವೂ ಇವೆ. ಆ ಬಂಗಲೆ ಯಾರದ್ದು, ಅಷ್ಟು ದೊಡ್ಡ ಆಸ್ತಿಯನ್ನು ಯಾಕೆ ಯಾರೂ ಮಾರಿಲ್ಲ ಅನ್ನೋದು ಮಾತ್ರ ಎಲ್ಲೂ ಇಲ್ಲ. ಸಾಲುಸಾಲಾಗಿ ತಿದ್ದಿ ಕಳಿಸುವ ಬದಲು ನಿನಗೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ದೆವ್ವದ ಕಥೆ ಬರೆದ ಷಾರ್ಲೆಟ್ ರಿಡೆಲ್ ಬಗ್ಗೆ ಹೇಳೋಣ ಅನ್ನಿಸಿತು.

ಆಕೆ ಹುಟ್ಟಿದ್ದು 1832ರಲ್ಲಿ, ಐರ್ಲೆಂಡಿನ ಕ್ಯಾರಿಕ್‌ಫರ್ಗಸ್‌ನಲ್ಲಿ. ಅನುಕೂಲಸ್ಥರ ಮನೆ. ಅಪ್ಪ ತೀರಿಕೊಂಡ ಮೇಲೆ ಕೈ ಬರಿದಾಯಿತು. 1855ರಲ್ಲಿ ತಾಯಿಯನ್ನು ಕರೆದುಕೊಂಡು ಲಂಡನ್ನಿಗೆ ಬಂದರು, ಬರೆದೇ ಬದುಕಬೇಕು ಅಂತ. ಮರುವರ್ಷ ತಾಯಿಯೂ ಹೋದರು. 1857ರಲ್ಲಿ ಜೋಸೆಫ್ ರಿಡೆಲ್ ಎಂಬ ಎಂಜಿನಿಯರ್ ಜೊತೆ ಮದುವೆಯಾಯಿತು. ಕೆಲವು ವರ್ಷ ಎಫ್. ಜಿ. ಟ್ರಾಫರ್ಡ್ ಅನ್ನೋ ಹೆಸರಲ್ಲಿ ಬರೆದರು. ಓದಿದವರು ಗಂಡಸು ಅಂದುಕೊಂಡರೆ ಅಂದುಕೊಳ್ಳಲಿ!

1864ರಲ್ಲಿ 'ಜಾರ್ಜ್ ಗೀತ್ ಆಫ್ ಫೆನ್ ಕೋರ್ಟ್' ಬಂತು. ಪ್ರಕಾಶಕರು ಅದಕ್ಕೆ 800 ಪೌಂಡ್ ಕೊಟ್ಟರು. ಅದರ ನಾಯಕ ಯಾರು ಗೊತ್ತಾ? ಲಂಡನ್ನಿನ ವ್ಯಾಪಾರದ ಪೇಟೆಯಲ್ಲಿ ಕೂತು ಲೆಕ್ಕಪತ್ರ ಬರೆಯುವವನು. ಆ ಕಾಲದಲ್ಲಿ ಕಾದಂಬರಿಯ ನಾಯಕ ಅಂದರೆ ಜಮೀನ್ದಾರನೋ ಸೈನ್ಯದ ಅಧಿಕಾರಿಯೋ ಆಗಿರೋದೇ ಜಾಸ್ತಿ. ಗುಮಾಸ್ತರು, ಸಾಲಗಾರರು, ದಿವಾಳಿಯಾದ ವ್ಯಾಪಾರಿಗಳು ಆಕೆಗೆ ಕಥೆಯ ಮುಖ್ಯ ಜನ. ಆ ಲೋಕ ಆಕೆಗೆ ಮನೆಯೊಳಗಿಂದಲೇ ಗೊತ್ತಿತ್ತು. 1871ರಲ್ಲಿ ಗಂಡನೇ ದಿವಾಳಿಯಾದರು. 1880ರಲ್ಲಿ ತೀರಿಕೊಂಡರು. ಗಂಡನ ಸಾಲವನ್ನು ಆಕೆ ಬರೆದು ಬರೆದು ತೀರಿಸುತ್ತಲೇ ಇದ್ದರು. ಹೆಂಡತಿ ಬರೆದು ಸಂಪಾದಿಸಿದ ಹಣ ಹೆಂಡತಿಯದೇ ಅಂತ 1870ರಲ್ಲೇ ಇಂಗ್ಲೆಂಡಿನಲ್ಲಿ ಕಾನೂನು ಬಂದಿತ್ತು. ಆದರೂ ಕಟ್ಟಿದರು. ಅದು ಮರ್ಯಾದೆಯೋ ಮೊಂಡುತನವೋ, ನನಗಂತೂ ಎರಡೂ ಅನ್ನಿಸುತ್ತದೆ.

ದೆವ್ವದ ಕಥೆಗಳು ಹೆಚ್ಚಾಗಿ ಬಂದದ್ದು ಈ ಕಷ್ಟದ ಕಾಲದಲ್ಲೇ. ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಇರುವ ಹಾಗೆ ಅಲ್ಲಿ ಕ್ರಿಸ್‌ಮಸ್ ವಿಶೇಷಾಂಕಗಳು. ಚಳಿಗಾಲದ ರಾತ್ರಿ, ಬೆಂಕಿಯ ಸುತ್ತ ಕೂತು ಓದಲು ಜನಕ್ಕೆ ದೆವ್ವವೇ ಬೇಕಿತ್ತು. ಸಂಪಾದಕರು ಕೇಳಿದರು, ಆಕೆ ಕೊಟ್ಟರು. ದುಡ್ಡಿಗಾಗಿ ಬರೆದದ್ದು ಕಳಪೆ ಆಗಲೇಬೇಕು ಅಂತ ಯಾರಾದರೂ ನಿನಗೆ ಹೇಳಿದರೆ, 1875ರ 'ದಿ ಅನ್‌ಇನ್‌ಹ್ಯಾಬಿಟೆಡ್ ಹೌಸ್' ಕೊಟ್ಟು ಓದಿಸು.

ಆ ಕಿರುಕಾದಂಬರಿ ಶುರುವಾಗೋದು ವಕೀಲರ ಆಫೀಸಿನಲ್ಲಿ. ಹೇಳುತ್ತಿರುವವನು ಅಲ್ಲಿನ ಗುಮಾಸ್ತ. ಥೇಮ್ಸ್ ನದಿಯ ಹತ್ತಿರ ರಿವರ್ ಹಾಲ್ ಅಂತ ಒಂದು ಒಳ್ಳೆಯ ಮನೆ. ಬಾಡಿಗೆಗೆ ಬಂದವರು ಯಾರೂ ನಿಲ್ಲೋದಿಲ್ಲ. ಮನೆ ಖಾಲಿಯಾದಾಗಲೆಲ್ಲ ಮಿಸ್ ಬ್ಲೇಕ್ ಎಂಬ ಐರಿಷ್ ಹೆಂಗಸು ಆಫೀಸಿಗೆ ನುಗ್ಗಿ ಗಲಾಟೆ ಮಾಡುತ್ತಾಳೆ. ಯಾಕೆಂದರೆ ಅವಳ ಮತ್ತು ಅವಳ ಸೋದರಿಯ ಮಗಳ ಹೊಟ್ಟೆ ತುಂಬಬೇಕಾದದ್ದು ಆ ಬಾಡಿಗೆಯಿಂದಲೇ. ಕೊನೆಗೆ ಅವಧಿಗೆ ಮುಂಚೆ ಬಿಟ್ಟು ಹೋದ ಒಬ್ಬ ಬಾಡಿಗೆದಾರನ ಮೇಲೆ ಕೇಸು! ಆ ಮನೆಯಲ್ಲಿ ಏನಿದೆ ಅನ್ನೋದು ಕೋರ್ಟಿನಲ್ಲಿ ಚರ್ಚೆಯಾಗುತ್ತದೆ. ನಗು ತಡೆಯೋದು ಕಷ್ಟ. ಆಮೇಲೆ 50 ಪೌಂಡ್ ಬಹುಮಾನದ ಆಸೆಗೆ ಗುಮಾಸ್ತ ತಾನೇ ಹೋಗಿ ಆ ಮನೆಯಲ್ಲಿ ಮಲಗುತ್ತಾನೆ. ಆಗ ನಗು ನಿಲ್ಲುತ್ತದೆ. ಅಲ್ಲಿ ತಿರುಗಾಡುವವನು ಸತ್ತುಹೋದ ಒಬ್ಬ ಲೇವಾದೇವಿಗಾರ. ಅವನ ಸಾವಿನ ಹಿಂದೆ ಇರೋದೂ ಸಾಲದ ವ್ಯವಹಾರವೇ. ಇನ್ನು ಮುಂದೆ ಹೇಳೋದಿಲ್ಲ, ಓದಿ ನೋಡು.

ಇದರಲ್ಲಿ ಗಮನಿಸಬೇಕಾದ ಕೆಲಸ ಒಂದಿದೆ. ಬಾಡಿಗೆ, ಕರಾರು, ಬಾಕಿ ಇವೆಲ್ಲ ನಾವು ನಂಬುವ ಸಂಗತಿಗಳು. ಅವನ್ನು ನಂಬಿಕೊಂಡು ನಾಲ್ಕಾರು ಪುಟ ಬಂದಿರುತ್ತೇವೆ. ಅದೇ ನಂಬಿಕೆಯಲ್ಲಿ ದೆವ್ವವನ್ನೂ ಒಳಗೆ ಬಿಟ್ಟುಕೊಳ್ಳುತ್ತೇವೆ. ಅದೂ ಅಲ್ಲದೆ ಅಲ್ಲಿರುವವರು ಹೆದರಿದರೂ ಓಡಿಹೋಗುವ ಹಾಗಿಲ್ಲ, ದುಡ್ಡು ಬೇಕು. ನಿನ್ನ ನಾಯಕಿ ಬಂಗಲೆಯೊಳಗೆ ಸುಮ್ನೆ ಕುತೂಹಲಕ್ಕೆ ಹೋಗುತ್ತಾಳೆ. ಭಯವಾದರೆ ವಾಪಸ್ ಬರಬಹುದು ಅಲ್ವಾ? ಬರಲಾಗದ ಕಾರಣ ಒಂದನ್ನು ಕೊಡು. 1882ರ 'ವಿಯರ್ಡ್ ಸ್ಟೋರೀಸ್' ಸಂಕಲನದಲ್ಲೂ ಇಂಥ ಮನೆಗಳೇ ಬರುತ್ತವೆ. ಅದರಲ್ಲಿ 'ದಿ ಓಪನ್ ಡೋರ್' ನನಗೆ ಹೆಚ್ಚು ಇಷ್ಟ. ಎಷ್ಟು ಸಲ ಮುಚ್ಚಿದರೂ ನಿಲ್ಲದ ಒಂದು ಬಾಗಿಲು, ಅಷ್ಟೇ. ಆಕೆಯ ಎಲ್ಲ ಕಾದಂಬರಿಗಳೂ ಹೀಗಿಲ್ಲ, ಹೇಳಿಬಿಡುತ್ತೇನೆ. ಮೂರು ಸಂಪುಟದ ಕೆಲವು ಕಾದಂಬರಿಗಳು ತುಂಬಾ ಎಳೆಯುತ್ತವೆ. ಆಗಿನ ಗ್ರಂಥಾಲಯಗಳಿಗೆ ಮೂರು ಸಂಪುಟವೇ ಬೇಕಿತ್ತು, ಆಕೆಯೂ ಎಳೆದರು.

1883ರ 'ಎ ಸ್ಟ್ರಗಲ್ ಫಾರ್ ಫೇಮ್' ಅನ್ನು ಬೇರೆ ಕಾರಣಕ್ಕೆ ಓದಬೇಕು. ಲಂಡನ್ನಿಗೆ ಬಂದು ಹಸ್ತಪ್ರತಿ ಹಿಡಿದು ಪ್ರಕಾಶಕರ ಬಾಗಿಲು ತಟ್ಟುವ ಹುಡುಗಿಯ ಕಥೆ ಅದು. ಬರೆದಾಕೆಯ ಸ್ವಂತ ಅನುಭವ ಪುಟಪುಟದಲ್ಲೂ ಕಾಣುತ್ತದೆ.

ಅಷ್ಟೆಲ್ಲ ಬರೆದ ಹೆಂಗಸು ಕೊನೆಗೆ ಏನು ಉಳಿಸಿಕೊಂಡರು? 1901ರಲ್ಲಿ ಲೇಖಕರ ಸಂಘ ವರ್ಷಕ್ಕೆ 60 ಪೌಂಡ್ ಪಿಂಚಣಿ ಕೊಟ್ಟಿತು. ಆ ಸಂಘದ ಮೊದಲ ಪಿಂಚಣಿದಾರರು ಆಕೆಯೇ. 1906ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಆ ಆಡಿಯೋ ಕಂಪನಿಯವರು ನಿನ್ನ ಕಥೆಯ ಎಲ್ಲ ಹಕ್ಕನ್ನೂ ಒಂದೇ ಸಲ ಕೇಳುತ್ತಿದ್ದಾರೆ ಅಂತ ಬರೆದಿದ್ದೀಯಲ್ಲ, ಸಹಿ ಹಾಕಬೇಡ. ಎಷ್ಟು ವರ್ಷಕ್ಕೆ, ಯಾವ ರೂಪಕ್ಕೆ, ಪುಸ್ತಕದ ಹಕ್ಕು ಯಾರದ್ದು ಅಂತ ಬರಹದಲ್ಲೇ ಕೇಳು. ಉತ್ತರ ಬಂದರೆ ಕರಾರಿನ ಪ್ರತಿ ನನಗೂ ಕಳಿಸು. ನನಗೆ ಗೊತ್ತಿರುವ ವಕೀಲರೊಬ್ಬರಿದ್ದಾರೆ, ತೋರಿಸುತ್ತೇನೆ.

ನಿನ್ನ ಅಣ್ಣ