ಎರಡು ದೋಣಿಯ ಮಾತು ಸಾಕು

ಮಾನ್ಯರೇ,

ಬ್ರಿಟನ್ನಿನ ಮುಸ್ಲಿಂ ವಲಸಿಗರ ಕಾದಂಬರಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಈ ಕತೆಗಳ ಜನರೆಲ್ಲ 'ಎರಡು ದೋಣಿಯಲ್ಲಿ ಕಾಲಿಟ್ಟವರು', ಅಂದರೆ ಎರಡು ಸಂಸ್ಕೃತಿಯ ನಡುವೆ ಗೊಂದಲದಲ್ಲಿ ಸಿಕ್ಕವರು ಎಂದು ಲೇಖಕರು ಮೂರು ಕಡೆ ಬರೆದಿದ್ದಾರೆ. ನಾನು ಪೂರ್ವ ಲಂಡನ್ನಿನ ಒಂದು ಲೈಬ್ರರಿಯಲ್ಲಿ 19 ವರ್ಷ ಕೆಲಸ ಮಾಡಿದವಳು. ಅವರು ಹೆಸರಿಸಿದ ಪುಸ್ತಕಗಳನ್ನು ಎಷ್ಟೋ ಸಲ ಓದುಗರ ಕೈಗೆ ಕೊಟ್ಟು, ವಾಪಸ್ ಬಂದ ಮೇಲೆ ಕಪಾಟಿಗೆ ಜೋಡಿಸಿದ್ದೇನೆ. ಓದಿಯೂ ಇದ್ದೇನೆ. ನನಗೆ ಅದರಲ್ಲಿ ದೋಣಿ ಕಾಣಲಿಲ್ಲ.

ಮೊದಲ ಮಾತು, ಈ ಜನರಿಗೆ 'ಮುಸ್ಲಿಂ ವಲಸಿಗರು' ಎಂಬ ಹೆಸರು ಅಂಟಿದ್ದೇ ತಡವಾಗಿ. ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಒಂದು ಪುಟ್ಟ ಪಾರ್ಕ್ ಇದೆ, ಅಲ್ತಾಬ್ ಅಲಿಯ ಹೆಸರಿನದು. ಬಟ್ಟೆ ಹೊಲಿಯುವ ಕೆಲಸದ ಬಂಗಾಳಿ ಹುಡುಗ. 1978ರ ಮೇ ತಿಂಗಳಲ್ಲಿ ಕೆಲಸ ಮುಗಿಸಿ ಹೋಗುತ್ತಿದ್ದವನನ್ನು ಅಲ್ಲೇ ಪಕ್ಕದ ರಸ್ತೆಯಲ್ಲಿ ಇರಿದು ಕೊಂದರು. ಕೊಂದವರಿಗೆ ಕಂಡದ್ದು ಅವನ ಮೈಬಣ್ಣ. ಅವನು ನಮಾಜು ಮಾಡುತ್ತಿದ್ದನೋ ಇಲ್ಲವೋ ಅವರಿಗೇನು ಗೊತ್ತು? ಆಗೆಲ್ಲ ಇವರು 'ಏಷ್ಯನ್ನರು'. ಇಸ್ಲಾಮಿಗೆ ಅವಮಾನವಾಯಿತೆಂದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಮುಸ್ಲಿಮರು ಸಲ್ಮಾನ್ ರಶ್ದಿಯ 'ಸಟಾನಿಕ್ ವರ್ಸಸ್' ಕಾದಂಬರಿ ಸುಟ್ಟ 1989ರ ನಂತರ ಪತ್ರಿಕೆಗಳಲ್ಲಿ ಹೆಸರು ಬದಲಾಗತೊಡಗಿತು. ಇಂಗ್ಲೆಂಡಿನ ಜನಗಣತಿ ಫಾರಂನಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆ ಬಂದದ್ದು 2001ರಲ್ಲಿ. ಅದೇ ವರ್ಷ ನ್ಯೂಯಾರ್ಕಿನ ಗೋಪುರಗಳು ಬಿದ್ದವು. ನಾನೂ ಆ ಫಾರಂ ತುಂಬಿದ್ದೇನೆ. ನನ್ನ ಮನೆಮಾತು ಬ್ಯಾರಿ, ಓದಿದ್ದು ಕನ್ನಡ. ಅದಕ್ಕೆ ಅಲ್ಲಿ ಜಾಗ ಇರಲಿಲ್ಲ. 'ಇಂಡಿಯನ್' ಒಂದು ಗುರುತು, 'ಮುಸ್ಲಿಂ' ಇನ್ನೊಂದು ಗುರುತು, ಮುಗೀತು.

ಮೋನಿಕಾ ಅಲಿಯವರ 'ಬ್ರಿಕ್ ಲೇನ್' (2003) ನೋಡಿ. ನಜ್ನೀನ್ ಬಾಂಗ್ಲಾದ ಹಳ್ಳಿಯಿಂದ ಮದುವೆಯಾಗಿ ಬಂದು ಸರ್ಕಾರಿ ಫ್ಲ್ಯಾಟಿನಲ್ಲಿ ಕೂರುತ್ತಾಳೆ. ಕತೆ ಸುಮಾರು ದೂರ ಸಾಗುವ ತನಕ ಅವಳ ಚಿಂತೆ ಮಕ್ಕಳದ್ದು, ತಂಗಿಯ ಕಾಗದಗಳದ್ದು. ಗೋಪುರ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಬೀದಿಯೇ ಬೇರೆಯಾಗುತ್ತದೆ. ಗಂಡ ಚಾನು ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವನು. ಇವತ್ತು ಬಡ್ತಿ, ನಾಳೆ ಬಡ್ತಿ ಎಂದು ಕಾದು ಕಾದು ಕೊನೆಗೆ ಟ್ಯಾಕ್ಸಿ ಓಡಿಸುತ್ತಾನೆ. ಪಾಪ, ನಗು ಬರುತ್ತದೆ, ಸಂಕಟವೂ ಆಗುತ್ತದೆ. ಅವನದು ಎರಡು ಸಂಸ್ಕೃತಿಯ ಗೊಂದಲವಾ? ಸಿಗದ ಬಡ್ತಿಯ ನೋವು ಅಲ್ವಾ? ಕೊನೆಗೆ ಹೆಂಡತಿಗೆ ಜೀವನ ಕೊಟ್ಟದ್ದು ಮನೆಯಲ್ಲೇ ಇಟ್ಟುಕೊಂಡ ಹೊಲಿಗೆ ಯಂತ್ರ.

ಈ ಪುಸ್ತಕ ಎಲ್ಲರಿಗೂ ಹಿಡಿಸಿತು ಎಂದಲ್ಲ. ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಯ ಬಂಗಾಳಿಗಳಲ್ಲಿ ಬಹುಪಾಲು ಬಾಂಗ್ಲಾದ ಸಿಲ್ಹೆಟ್ ಕಡೆಯವರು. ಕತೆಯಲ್ಲಿ ಚಾನು ಈ ಸಿಲ್ಹೆಟ್‌ನವರ ಬಗ್ಗೆ ಕೀಳಾಗಿ ಮಾತಾಡುತ್ತಾನೆ. 2006ರಲ್ಲಿ ಸಿನಿಮಾದವರು ಬಂದಾಗ ಊರಿನ ಕೆಲವರು ವಿರೋಧಿಸಿ, ಚಿತ್ರೀಕರಣ ಬೇರೆ ಕಡೆಗೆ ಹೋಯಿತು. ನಮ್ಮ ಲೈಬ್ರರಿಗೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಮಗಳ ಕೈಲಿ ಓದಿಸಿಕೊಂಡು ಪುಸ್ತಕ ವಾಪಸ್ ತಂದು, "ಇದು ಢಾಕಾದವರ ಕಣ್ಣಿಗೆ ಕಂಡ ನಾವು" ಅಂದರು. ಸಿನಿಮಾ ತಡೆದದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಬೀದಿಯ ಒಂದೇ ಮಸೀದಿಯ ಜನರಲ್ಲೇ ಇಷ್ಟು ಅಂತರ ಇರುವಾಗ 'ಮುಸ್ಲಿಂ ಮನಸ್ಸು' ಎಂದು ಬರೆಯುವುದು ಹೇಗೆ?

ಇನ್ನು ಲೈಲಾ ಅಬುಲೇಲಾರ 'ಮಿನರೆಟ್' (2005). ನಜ್ವಾಳ ಅಪ್ಪ ಸುಡಾನಿನ ಅಧ್ಯಕ್ಷರಿಗೆ ಬೇಕಾದವನು. ಮನೆ ತುಂಬಾ ಆಳುಗಳು. ಕ್ಷಿಪ್ರಕ್ರಾಂತಿ ಆಗಿ ಅಪ್ಪನನ್ನು ಗಲ್ಲಿಗೇರಿಸುತ್ತಾರೆ. ಲಂಡನ್ನಿನಲ್ಲಿ ಅವಳೇ ಇನ್ನೊಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ನಿಲ್ಲುತ್ತಾಳೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಶುರುಮಾಡಿದ್ದು ಊರಿನಲ್ಲಿ ಅಲ್ಲ, ಇಲ್ಲಿ. ರೀಜೆಂಟ್ಸ್ ಪಾರ್ಕಿನ ಮಸೀದಿಯ ಹೆಂಗಸರ ನಡುವೆ ಅವಳಿಗೆ ನೆಮ್ಮದಿ. ದೇಶ ಹೋಯಿತು, ದುಡ್ಡು ಹೋಯಿತು, ಉಳಿದದ್ದು ನಮಾಜಿನ ಚಾಪೆ. ಅವಳ ಕಾಲು ಇರುವುದು ಅದೊಂದರ ಮೇಲೆ. ನಜ್ನೀನಳ ಕತೆಗೂ ಇದಕ್ಕೂ ಏನು ಸಂಬಂಧ?

ಕಮೀಲಾ ಶಮ್ಸಿಯವರ 'ಹೋಮ್ ಫೈರ್' (2017) ಬಗ್ಗೆ ಒಂದೇ ಮಾತು. ಪಾಕಿಸ್ತಾನಿ ಮೂಲದ ಬ್ರಿಟಿಷ್ ಯುವತಿ ಇಸ್ಮಾಳನ್ನು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೂರಿಸಿಕೊಂಡು ರಾಣಿಯ ಬಗ್ಗೆ, ಇರಾಕಿನ ಬಗ್ಗೆ, ಟಿವಿಯ ಕೇಕ್ ಸ್ಪರ್ಧೆಯ ಬಗ್ಗೆಯೂ ಅಭಿಪ್ರಾಯ ಕೇಳುತ್ತಾರೆ. ಅವಳು ತಂಗಿಯ ಜೊತೆ ಉತ್ತರಗಳನ್ನು ಮೊದಲೇ ಪ್ರಾಕ್ಟೀಸ್ ಮಾಡಿಕೊಂಡು ಬಂದಿರುತ್ತಾಳೆ. ಆದರೂ ವಿಮಾನ ತಪ್ಪುತ್ತದೆ. ಆ ಪುಟ ಓದುವಾಗ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ನಾನೂ ಒಂದು ವಿಮಾನ ನಿಲ್ದಾಣದಲ್ಲಿ ಹಾಗೆ ಕೂತಿದ್ದೇನೆ. ಬ್ಯಾಗಿನಲ್ಲಿದ್ದ ಕನ್ನಡ ಪುಸ್ತಕ ತಿರುಗಿಸಿ ನೋಡಿ, ಇದು ಯಾವ ಲಿಪಿ ಎಂದು ಕೇಳಿದರು. ನನ್ನೊಳಗೆ ಆಗ ಗೊಂದಲ ಏನೂ ಇರಲಿಲ್ಲ. ಮನೆಗೆ ಹೋಗಬೇಕಿತ್ತು, ಅಷ್ಟೇ. ಗೊಂದಲ ಇದ್ದದ್ದು ಮೇಜಿನ ಆ ಕಡೆ.

ಲೇಖಕರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸುಮ್ನೆ ಒಂದೇ ಅಚ್ಚಿಗೆ ಎಲ್ಲರನ್ನೂ ಹಾಕಿದರೆ ಏನಾಗುತ್ತದೆ ಎಂಬುದು ಅವರ ಲೇಖನದಲ್ಲೇ ಇದೆ. ನಾಲ್ಕನೇ ಪ್ಯಾರಾದಲ್ಲಿ ನಜ್ವಾಳನ್ನು 'ಪಾಕಿಸ್ತಾನಿ ಯುವತಿ' ಎಂದಿದ್ದಾರೆ. ಅವಳು ಸುಡಾನಿನವಳು. ದಯವಿಟ್ಟು ತಿದ್ದುಪಡಿ ಹಾಕಿ.

— ಒಬ್ಬ ನಿವೃತ್ತ ಲೈಬ್ರರಿ ಸಹಾಯಕಿ, ಪೂರ್ವ ಲಂಡನ್